ಬಾಳಿಕೆ

ಕರೆಂಟು ಹೋದರೆ ಅತ್ತೆಯ ಆಕ್ಸಿಜನ್ ಮಷಿನ್ ನಿಲ್ಲುತ್ತದೆ. ಅದಕ್ಕೇ ಆಸ್ಪತ್ರೆಯಿಂದ ಮನೆಗೆ ಹೊರಟ ದಾರಿಯಲ್ಲೇ ಅಳಿಯ ಕಾರು ನಿಲ್ಲಿಸಿ, ಅತ್ತೆಯನ್ನು ಅದರಲ್ಲೇ ಕೂರಿಸಿ, ಜನರೇಟರ್ ಅಂಗಡಿ ಹೊಕ್ಕ.

“ಇರೋದ್ರಲ್ಲೇ ಅಗ್ಗದ್ದು ಕೊಡಿ.”

“ಇದಿದೆ. ಆದ್ರೆ ಬಾಳಿಕೆ ಬರಲ್ಲ ಸಾರ್. ಒಂದು ವರ್ಷ ತಳ್ಳಿದ್ರೆ ಪುಣ್ಯ.”

ಅಳಿಯ ದನಿ ತಗ್ಗಿಸಿದ. “ವರ್ಷ ಯಾರಿಗೆ ಬೇಕು ಬಿಡಿ! ನಮ್ಮತ್ತೆಗೆ ಡಾಕ್ಟರು ಹೇಳಿರೋದೇ ಎರಡು ಮೂರು ತಿಂಗಳು.”

ಅಂಗಡಿಯವನು ಬಾಗಿಲ ಕಡೆ ನೋಡಿದ. ಅಳಿಯ ತಿರುಗಿದ. ಅವನು ಕಾರಲ್ಲಿ ಮರೆತಿದ್ದ ಪರ್ಸು ಹಿಡಿದುಕೊಂಡು, ಏದುಸಿರು ಬಿಡುತ್ತ ಅತ್ತೆ ನಿಂತಿದ್ದರು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

ಪರ್ಸನ್ನು ಅವನ ಕೈಗಿಟ್ಟು ಅತ್ತೆ ಮೆತ್ತಗೆ ಅಂದರು: “ಕೊಳ್ಳೋದ್ಯಾಕೆ ಅಳಿಯಂದ್ರೇ, ಬಾಡಿಗೆಗೆ ಸಿಗುತ್ತೇನೋ ಕೇಳಿ.”