ಎಮ್ಮೆಲ್ಲೆ ಸಾಹೇಬರ ಪಾಳಿ

ಎಮ್ಮೆಲ್ಲೆ ಓಂಪ್ರಕಾಶ ಧಣಿಗಳು ಸಾಲನ್ನು ದಾಟಿಕೊಂಡು ಮತಗಟ್ಟೆಯೊಳಗೆ ಬಂದವರೇ ಎಡಗೈ ಬೆರಳನ್ನು ಮಸಿಗಾಗಿ ಚಾಚಿದರು. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಯ ಈ ಹಳ್ಳಿಗೆ ಚುನಾವಣೆ ಡ್ಯೂಟಿಗೆ ಬಂದಿದ್ದ ಶಕುಂತಲಾಬಾಯಿ ಟೀಚರು ಮಸಿ ಬಾಟಲಿಯನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದರು.

“ಪಾಳಿ ಹಚ್ಚಿ ಬರ್ರಿ ಸಾಹೇಬ್ರ. ಮುಂಜಾನಿಂದ ಮಂದಿ ನಿಂತದ.”

“ಟೀಚರಬಾಯಿ, ಸರ್ಕಾರ ನಿಮಗಿಂತ ನಮಗ ಪಗಾರ ಜಾಸ್ತಿ ಯಾಕ ಕೊಡತದ, ಗೊತ್ತದನು?” ಧಣಿಗಳು ನಕ್ಕರು. ಅವರ ಬೆನ್ನಿಗಿದ್ದವರೂ ನಕ್ಕರು.

ಇವರ ಒಂದು ಮಾತಿಗೆ ಟೀಚರಿಗೆ ನಾಳೆಯೇ ಯಾವುದೋ ದೂರದ ಊರಿಗೆ ವರ್ಗ ಆಗಬಹುದು. ಆದರೂ ಮುಷ್ಟಿ ಸಡಿಲಾಗಲಿಲ್ಲ.

“ಗೊತ್ತದರಿ. ನಿಮ್ಮ ಪಗಾರಕ್ಕ ವಿಧಾನಸಭಾದಾಗ ನೀವೇ ಕೈ ಎತ್ತತೀರಿ. ನಮ್ಮ ಪಗಾರಕ್ಕ ನಾವು ನಿಮಗ ಕೈ ಮುಗೀಬೇಕು. ಇವತ್ತೊಂದು ದಿನ ನೀವು ಈ ಮಂದಿಗಿ ಕೈ ಮುಗೀಬೇಕು.”

ಬಾಗಿಲಲ್ಲಿ ನಿಂತಿದ್ದ ಕುರಿ ಕಾಯುವ ಧೂಳಮ್ಮ ಗೊಳ್ಳೆಂದು ನಕ್ಕುಬಿಟ್ಟಳು. “ಹೋಗ್ ಯಪ್ಪಾ, ಹಿಂದ ಭಾಳ ಜಗಾ ಖಾಲಿ ಅದ!” ಆ ನಗು ಸಾಲಿನುದ್ದಕ್ಕೂ ಹರಿದು ಅಂಗಳ ತುಂಬಿತು. ವೋಟು ಬೇಕಾದವರು ವೋಟು ಹಾಕುವವರ ಮೇಲೆ ಸಿಟ್ಟಾಗುವುದಾದರೂ ಹೇಗೆ? ಧಣಿಗಳು ಹೊರಗೆ ನಡೆದು, ಸುಡುವ ಬಿಸಿಲಲ್ಲಿ, ಅರವತ್ತು ಮಂದಿಯ ಹಿಂದೆ ನಿಂತರು.