ಮುಕ್ಕಾಲು ಗಂಟೆ ಬಾಕಿ

ರಸ್ಕಿನ ಡಬ್ಬದ ಮುಚ್ಚಳ ಟಕ್ಕೆಂದಾಗ ಹೋಂ ನರ್ಸ್ ಜೆಸಿಂತಾ ಎಚ್ಚರಗೊಂಡಳು. ರಾತ್ರಿ ಹನ್ನೊಂದೂಕಾಲು. ಅಡುಗೆಮನೆಯಲ್ಲಿ ಪ್ರಭಾವತಿಯಮ್ಮ ಗೋಡೆ ಹಿಡಿದು ನಿಂತಿದ್ದರು. ಬಾಯಲ್ಲಿ ರಸ್ಕು, ಸೀರೆಯ ಮೇಲೆ ಪುಡಿ. ಸೂರ್ಯ ಮುಳುಗಿದ ಮೇಲೆ ಅಗುಳನ್ನೂ ಮುಟ್ಟದ ವ್ರತವನ್ನು ಆ ಜೈನ ಹಿರಿಯರು ಅರುವತ್ತು ವರ್ಷ ನಡೆಸಿದ್ದರು.

“ಹಸಿವು ತಡೆಯಲಿಕ್ಕಾಗಲಿಲ್ಲ ಮಾರಾಯ್ತಿ. ರಿಷಭನಿಗೆ ಹೇಳ್ತೀಯಾ?” ಮಗನ ಮುಂದೆ ಇನ್ನು ತಲೆ ಎತ್ತುವುದು ಹೇಗೆಂಬ ಭಯ ಅವರಿಗೆ.

ರಾತ್ರಿ ನಡೆದದ್ದನ್ನೆಲ್ಲ ಬೆಳಿಗ್ಗೆ ರಿಷಭನಿಗೆ ಒಪ್ಪಿಸುವುದು ಜೆಸಿಂತಾಳ ಕೆಲಸ. ಸಮಾಧಾನ ಹೇಳಿದರೆ ಮೇಲೆ ನಿಂತು ಕ್ಷಮಿಸಿದ ಹಾಗಾಗುತ್ತಿತ್ತು. ಅವಳು ಕೈ ಚಾಚಿದಳು. “ನನಗೂ ಒಂದು ಕೊಡಿ ಅಮ್ಮ.”

“ನಿನಗೆ ಇವತ್ತು ಗುಡ್ ಫ್ರೈಡೇ ಅಲ್ವಾ? ಹನ್ನೆರಡರವರೆಗೆ ನೀರು ಮಾತ್ರ ಅಂತ ಹೇಳಿದ್ದಿ!”

“ಹೌದು, ಇನ್ನೂ ಮುಕ್ಕಾಲು ಗಂಟೆ ಉಂಟು,” ಎನ್ನುತ್ತ ಜೆಸಿಂತಾ ರಸ್ಕನ್ನು ಕಚ್ಚಿದಳು. “ಈಗ ನೀವು ನಮ್ಮ ಪಾದ್ರಿಯವರಿಗೆ ಹೇಳ್ತೀರಾ?”

ಪ್ರಭಾವತಿಯಮ್ಮ ನಕ್ಕುಬಿಟ್ಟರು, ಪುಡಿ ಹಾರಿತು.

ಮುರಿದ ಉಪವಾಸದ ಬಗ್ಗೆ ಜೆಸಿಂತಾಳಿಗೆ ಅಳುಕೇ ಇರಲಿಲ್ಲ. ಅಮ್ಮ ತಿಂದದ್ದನ್ನು ರಿಷಭನಿಗೆ ಹೇಳುವುದಿಲ್ಲ, ತಾನು ತಿಂದದ್ದನ್ನು ಪಾದ್ರಿಯವರ ಮುಂದೆ ಪಾಪನಿವೇದನೆಯಲ್ಲೂ ಹೇಳುವುದಿಲ್ಲ. ಅಲ್ಲಿ ಹೇಳಬೇಕಾದರೆ ಇದು ಪಾಪವಾಗಿರಬೇಕಲ್ಲ.