ನೀರು ಬರದ ಬಡಾವಣೆ

ಊರಾಚೆಯ ಹೊಸ ಬಡಾವಣೆಗೆ ಹೋಗಿಬಿಡೋಣ ಎಂದು ವಾರಿಜ ಆರು ತಿಂಗಳಿಂದ ಗಂಡನಿಗೆ ದುಂಬಾಲು ಬಿದ್ದಿದ್ದಳು.

"ಪಾರ್ಕಿದೆ, ಸ್ಕೂಲಿದೆ, ಮಕ್ಕಳಿಗೆ ಆಡೋಕೆ ಜಾಗ ಇದೆ ರೀ."

"ನಲ್ಲೀಲಿ ನೀರೇ ಬರಲ್ಲ ಕಣೇ. ಅಡುಗೆಮನೆಗೆ ಒಂದು ಚೂರು ಬಿಸಿಲು ಬೀಳಲ್ಲ. ಆ ಸುದ್ದಿ ಬಿಡು."

"ಒಂದ್ಸಲ ನೋಡ್ಕೊಂಡಾದ್ರೂ ಬರೋಣ."

"ನೋಡೋಕೇನಿದೆ ಅಲ್ಲಿ?"

ವಾರಿಜ ಹಟ ಬಿಡಲಿಲ್ಲ. ಒಂದು ಮಧ್ಯಾಹ್ನ ತಾನೇ ಬಸ್ಸು ಹತ್ತಿ ಹೋದಳು. ಸಾಲು ಮನೆಗಳಿಗೆಲ್ಲ ಬೀಗ. ಒಂದೇ ಒಂದು ಮನೆಯ ಮುಂದೆ ರಂಗೋಲಿಯಿತ್ತು. ಬಾಗಿಲು ತಟ್ಟಿ ನೀರಿನ ಬಗ್ಗೆ ಕೇಳಿದಳು.

ಮನೆಯಾಕೆ ನಗುತ್ತಾ ಅವಳನ್ನು ಅಡುಗೆಮನೆಗೇ ಕರೆದೊಯ್ದು ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಸುರಿಯಿತು. ಬಿಸಿಲು ಮಾತ್ರ ನಿಜಕ್ಕೂ ಇರಲಿಲ್ಲ.

"ಯಾರೋ ಹೊಟ್ಟೆಕಿಚ್ಚಿಗೆ ಹೇಳಿರ್ಬೇಕು. ಬಂದ್ಬಿಡಿ ಅಕ್ಕ, ಒಬ್ಬರಿಗೊಬ್ಬರು ಆಗ್ತೀವಿ" ಎಂದು ಆಕೆ ನಡುಮನೆಯಲ್ಲಿ ಕೂರಿಸಿ ಅರಿಶಿನ ಕುಂಕುಮದ ಬಟ್ಟಲು ಮುಂದೆ ಹಿಡಿದಳು.

ಕುಂಕುಮ ಇಟ್ಟುಕೊಂಡು ತಲೆ ಎತ್ತಿದರೆ ಎದುರು ಗೋಡೆಯಲ್ಲಿ ಗೃಹಪ್ರವೇಶದ ಫೋಟೊ. ಮನೆಯಾಕೆ ಹಾಲುಕ್ಕಿಸುತ್ತಿದ್ದಳು. ಸ್ನೇಹಿತನ ಮನೆ ಪೂಜೆಗೆಂದು ವಾರಿಜಳೇ ಇಸ್ತ್ರಿ ಮಾಡಿಕೊಟ್ಟ ರೇಷ್ಮೆ ಪಂಚೆ ಉಟ್ಟು, ಆಕೆಯ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವನು ವಾರಿಜಳ ಗಂಡ.